ಸೂಜಿಯಂಥ ಕಟ್ಟಡದ ಊರಲ್ಲಿ ನಾಲ್ಕು ದಿನ

ಆಫೀಸ್ ಕೆಲಸಕ್ಕೆ ಎರಡು ತಿಂಗಳು ಕೊಲಂಬಿಯಾದ ಬೊಗೋಟಾದಲ್ಲಿದ್ದೆ. ನಡುವೆ ನಾಲ್ಕು ದಿನ ರಜೆ ಸಿಕ್ಕಿತು. ಎಲ್ಲರೂ ಸಮುದ್ರದ ಕಡೆ ಹೋಗು ಅಂದರು. ನಾನು ಮೆಡೆಲಿನ್‌ಗೆ ಟಿಕೆಟ್ ತೆಗೆದೆ. ಅದು ಬಟ್ಟೆ ಗಿರಣಿಗಳಿಂದ ಬೆಳೆದ ಊರು. ನಾನು ದಾವಣಗೆರೆಯವಳು, ಅಪ್ಪಾಜಿ ಗಿರಣಿಯಲ್ಲಿ ದುಡಿದವರು. ಇನ್ನೇನು ಕಾರಣ ಬೇಕು?

ಬರೆಯೋದು ಮೆಡೆಲಿನ್ ಅಂತ, ಅಲ್ಲಿಯವರ ಬಾಯಲ್ಲಿ ಅದು ಮೆಡೆಜಿನ್. ವಿಮಾನ ಇಳಿಯೋದು ಬೆಟ್ಟದ ಮೇಲಿನ ರಿಯೋನೆಗ್ರೊದಲ್ಲಿ. ಅಲ್ಲಿಂದ ಎಂಟು ಕಿಲೋಮೀಟರ್ ಉದ್ದದ ಸುರಂಗ ದಾಟಿ ಕಣಿವೆಗೆ ಇಳಿಯಬೇಕು. ಊರು ಸುಮಾರು 1,500 ಮೀಟರ್ ಎತ್ತರದಲ್ಲಿದೆ. ಹಾಗಾಗಿ ಚಳಿಯೂ ಇಲ್ಲ, ಸೆಖೆಯೂ ಜಾಸ್ತಿ ಇಲ್ಲ.

ಮೊದಲು ಸಾನ್ ಆಂಟೋನಿಯೊ ಸ್ಟೇಷನ್‌ಗೆ ಹೋಗಿ, ಪಾಸ್‌ಪೋರ್ಟ್ ತೋರಿಸಿ ಸಿವಿಕಾ ಕಾರ್ಡ್ ಮಾಡಿಸಿಕೊಂಡೆ. ಮೆಟ್ರೊ, ಟ್ರಾಮ್, ಬೆಟ್ಟ ಹತ್ತುವ ಕೇಬಲ್ ಕಾರು, ಎಲ್ಲಕ್ಕೂ ಅದೊಂದೇ ಕಾರ್ಡು. 1995ರಲ್ಲಿ ಶುರುವಾದ ಮೆಟ್ರೊ ಇದು. ಇವತ್ತಿಗೂ ಒಂದು ಗೀಚು ಕೂಡ ಕಾಣಲಿಲ್ಲ. ಜನ ಅದನ್ನು ಮನೆ ವರಾಂಡದ ಹಾಗೆ ನೋಡಿಕೊಳ್ಳುತ್ತಾರೆ.

ಸ್ಟೇಷನ್ ಪಕ್ಕದ ಪಾರ್ಕಿನಲ್ಲಿ ಶಿಲ್ಪಿ ಫರ್ನಾಂಡೊ ಬೊಟೆರೊ ಮಾಡಿದ ಎರಡು ಕಂಚಿನ ಹಕ್ಕಿಗಳಿವೆ. ಒಂದರ ಹೊಟ್ಟೆ ಸಿಡಿದು ಹರಿದಿದೆ. 1995ರ ಜೂನ್‌ನಲ್ಲಿ ಇಲ್ಲಿ ಸಂಗೀತ ಕಾರ್ಯಕ್ರಮ ನಡೆಯುವಾಗ ಬಾಂಬ್ ಸಿಡಿದು ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಒಡೆದ ಹಕ್ಕಿಯನ್ನು ತೆಗೆಯಬೇಡಿ ಅಂತ ಬೊಟೆರೊ ಪಟ್ಟು ಹಿಡಿದರು. 2000ದಲ್ಲಿ ಪಕ್ಕದಲ್ಲೇ ಇನ್ನೊಂದು ಇಡಿ ಹಕ್ಕಿ ಕೊಟ್ಟರು. ಹರಿದ ಕಂಚಿನ ಅಂಚು ಒಳಗೆ ಮಡಚಿಕೊಂಡು, ಸುಟ್ಟ ಹಪ್ಪಳದ ಹಾಗೆ ಕಾಣುತ್ತದೆ. ಡ್ರಗ್ಸ್ ದೊರೆ ಪಾಬ್ಲೊ ಎಸ್ಕೊಬಾರ್ ಹೆಸರಲ್ಲಿ ಟೂರ್ ಮಾರುವವರು ಊರಲ್ಲಿ ಬೇಕಾದಷ್ಟಿದ್ದಾರೆ. ಈ ಹಕ್ಕಿ ನೋಡಿದ ಮೇಲೆ ನನಗೆ ಅದರ ಕಡೆ ಮನಸ್ಸೇ ಬರಲಿಲ್ಲ.

ಅಲ್ಲಿಂದ ನಡೆದು ಬೊಟೆರೊ ಚೌಕಕ್ಕೆ ಹೋದೆ. ದುಂಡು ದುಂಡು ವಿಗ್ರಹಗಳು 23 ಇವೆ. ನಾನು ಫೋನ್ ಎತ್ತಿ ಹಿಡಿದು ನಿಂತಿದ್ದೆ. ಹಣ್ಣು ಮಾರುವ ಹೆಂಗಸು ನನ್ನ ಕೈ ಕೆಳಗೆ ತಳ್ಳಿ "ಪಪ್ಪಾಯ ಕೊಡಬೇಡ" ಅಂದಳು. ನನಗೆ ಅರ್ಥವಾಗಲಿಲ್ಲ, ನಾನೆಲ್ಲಿ ಪಪ್ಪಾಯ ಕೊಟ್ಟೆ? ಕಳ್ಳನಿಗೆ ಸುಲಭದ ಅವಕಾಶ ಮಾಡಿಕೊಡಬೇಡ ಅನ್ನೋದಕ್ಕೆ ಅಲ್ಲಿಯ ಮಾತು ಅದು. ಆಮೇಲೆ ಫೋನ್ ಬ್ಯಾಗಿನಲ್ಲೇ ಉಳಿಯಿತು.

ಆ ಬೀದಿಗಳಿಂದ ಕೊಲ್ತೆಹೆರ್ ಕಟ್ಟಡ ಕಾಣುತ್ತದೆ. 1907ರಲ್ಲಿ ಶುರುವಾದ ಬಟ್ಟೆ ಕಂಪನಿ ಕಟ್ಟಿಸಿದ್ದು. 36 ಮಹಡಿ, ತುದಿ ಚೂಪು, ಮೇಲೊಂದು ತೂತು. ಥೇಟ್ ಸೂಜಿ.

ಎರಡನೇ ದಿನ ಕೊಮುನಾ 13, ಅಂದರೆ ಊರಿನ ಹದಿಮೂರನೇ ವಾರ್ಡು. ಬೆಟ್ಟದ ಮೇಲಿನ ಮನೆಗಳಿಗಾಗಿ 2011ರಲ್ಲಿ ಬಯಲಲ್ಲೇ ಎಸ್ಕಲೇಟರ್ ಹಾಕಿದ್ದಾರೆ, ಒಟ್ಟು 384 ಮೀಟರ್. ಚೆನ್ನಾಗಿದೆ, ಆದರೆ ಭಾನುವಾರ ಹೋದದ್ದು ತಪ್ಪಾಯಿತು. ಜಾತ್ರೆ. ನೀವು ವಾರದ ನಡುವೆ ಬೆಳಗ್ಗೆ ಹೋಗಿ.

ಮೂರನೇ ದಿನ ಇನ್ನೊಂದು ಎಡವಟ್ಟು. ಆಸೆವೇದೊ ಸ್ಟೇಷನ್‌ನಿಂದ ಕೇಬಲ್ ಕಾರಿನಲ್ಲಿ ಸಾಂತೊ ದೊಮಿಂಗೊಗೆ ಹತ್ತಿದೆ. 2004ರಿಂದ ಓಡುತ್ತಿರುವ ಲೈನು. ತಗಡಿನ ಮಾಡುಗಳ ಮೇಲೆ ತೇಲುತ್ತಾ ಹೋಗುವಾಗ ಪಕ್ಕದಲ್ಲಿ ಕೂತ ಹುಡುಗಿ ಹೋಮ್‌ವರ್ಕ್ ಮಾಡುತ್ತಿದ್ದಳು. ಅಲ್ಲಿ ಇನ್ನೊಂದು ಲೈನ್ ಹಿಡಿದು ಆರ್ವಿ ಕಾಡಿಗೆ ಹೋಗೋದು ನನ್ನ ಪ್ಲಾನು. ಬಾಗಿಲು ಹಾಕಿತ್ತು. ಸೋಮವಾರ ಆ ಲೈನ್ ಓಡುವುದಿಲ್ಲ. ನೋಡಿಕೊಂಡು ಹೊರಡಬೇಕಿತ್ತು, ಅಲ್ವಾ?

ಕೆಳಗಿಳಿದು, ಸುಮ್ನೆ ಎರಡು ಸ್ಟೇಷನ್ ಆಚೆಯ ಬೆಯೊಗೆ ಹೋದೆ. ಪ್ರವಾಸಿಗರು ಯಾರೂ ಇಲ್ಲ. ಚೌಕ, ಚರ್ಚು, ಮರದ ಕೆಳಗೆ ಹರಟೆ ಹೊಡೆಯುವ ಅಜ್ಜಂದಿರು. ಹೋಟೆಲಿನಲ್ಲಿ ಅಗ್ವಾಪನೇಲ ತಂದಿಟ್ಟರು. ನಮ್ಮ ಬೆಲ್ಲದ ನೀರೇ, ಆದರೆ ಬಿಸಿ, ಪಕ್ಕದಲ್ಲಿ ಒಂದು ತುಂಡು ಚೀಸ್. ಜೊತೆಗೆ ಅರೇಪ, ಅಂದರೆ ಮೆಕ್ಕೆಜೋಳದ ದಪ್ಪ ರೊಟ್ಟಿ. ಮಾಂಸ ತಿನ್ನದ ನನಗೆ ನಾಲ್ಕು ದಿನವೂ ಅದೇ ಗತಿ. ಅಲ್ಲಿ ರಾಜ್ಮಾದಂಥ ಕಾಳಿನ ಸಾರಿಗೂ ಹಂದಿ ಮಾಂಸ ಹಾಕುತ್ತಾರೆ, ಕೇಳಿಯೇ ತಿನ್ನಿ.

ಈ ಬೆಯೊದಲ್ಲೇ 1920ರಲ್ಲಿ ಗಿರಣಿಯ ಸುಮಾರು ನಾನೂರು ಹೆಂಗಸರು ಕೆಲಸ ನಿಲ್ಲಿಸಿದ್ದರು. ಮುಂದೆ ನಿಂತವಳು ಬೆತ್ಸಾಬೆ ಎಸ್ಪಿನಾಲ್. ಕೂಲಿ ಹೆಚ್ಚಿಸಿ, ಕೆಲಸದ ಹೊತ್ತು ಕಡಿಮೆ ಮಾಡಿ, ಮೈಮೇಲೆ ಕೈ ಹಾಕುವ ಮೇಸ್ತ್ರಿಗಳನ್ನು ತೆಗೆದುಹಾಕಿ, ಕಾಲಿಗೆ ಚಪ್ಪಲಿ ಹಾಕಲು ಬಿಡಿ ಅಂತ ಕೇಳಿದರು. ಬರಿಗಾಲಲ್ಲೇ ಕೆಲಸ ಮಾಡಬೇಕು ಅನ್ನೋದು ಗಿರಣಿಯ ಕಟ್ಟಳೆಯಾಗಿತ್ತು. ಮೂರು ವಾರ ಹಟ ಹಿಡಿದು ಗೆದ್ದರು.

ರಾತ್ರಿ ವಿಡಿಯೊ ಕಾಲ್‌ನಲ್ಲಿ ಅಪ್ಪಾಜಿಗೆ ಇದನ್ನೆಲ್ಲ ಹೇಳಿದೆ. ಸೂಜಿ ಕಟ್ಟಡದ ಫೋಟೊ ನೋಡಿ ನಕ್ಕರು. ಚಪ್ಪಲಿ ವಿಷಯಕ್ಕೆ ಸ್ವಲ್ಪ ಹೊತ್ತು ಸುಮ್ಮನಿದ್ದರು.

"ನಾವೂ ಮಗ್ಗದ ಹತ್ರ ಚಪ್ಪಲಿ ಬಿಟ್ಟೇ ಹೋಗ್ತಿದ್ವಿ ಕಣಮ್ಮಾ. ಆದ್ರೆ ಅದು ಮಗ್ಗಕ್ಕೆ ಕೈ ಮುಗಿಯಾಕೆ. ಯಾರೂ ಹೇಳಿರ್ಲಿಲ್ಲ."