ಒಂದೇ ಕ್ಯಾಂಡಲ್‌ನಲ್ಲಿ ಹದಿನೇಳು ಆರ್ಡರ್: ನಾನು ಇಎ ಬರೆಯಲು ಕಲಿತ ಬಗೆ

ಕರೆನ್ಸಿ ವಹಿವಾಟಿನ ತಂತ್ರಾಂಶವಾದ ಮೆಟಾಟ್ರೇಡರ್ 4ರಲ್ಲಿ ನಾನು ಬರೆದ ಮೊದಲ ಇಎ, ಅಂದರೆ ತಾನೇ ಆರ್ಡರ್ ಕಳಿಸುವ ಪ್ರೋಗ್ರಾಂ, ಮೂವತ್ತು ಸಾಲನ್ನೂ ದಾಟಿರಲಿಲ್ಲ. ಚಾರ್ಟಿನಲ್ಲಿ ಒಂದೊಂದು ಅವಧಿಯ ಬೆಲೆಯನ್ನು ತೋರುವ ಕಂಬವೇ ಕ್ಯಾಂಡಲ್. ಕೊನೆಯ 10 ಕ್ಯಾಂಡಲ್‌ಗಳ ಸರಾಸರಿ ಬೆಲೆ ಕೊನೆಯ 50 ಕ್ಯಾಂಡಲ್‌ಗಳ ಸರಾಸರಿಗಿಂತ ಮೇಲಿದ್ದರೆ ಯೂರೋ-ಡಾಲರ್ ಕೊಳ್ಳಬೇಕು ಎಂಬುದಷ್ಟೇ ಅದರ ನಿಯಮ. ನಿಜವಾದ ಹಣವಿಲ್ಲದ ಡೆಮೊ ಖಾತೆಯ ಚಾರ್ಟಿಗೆ ಅದನ್ನು ಹಾಕಿ, ಎದ್ದು ಹೋಗಿ ಮರಳುವಷ್ಟರಲ್ಲಿ, ಹದಿನೇಳು ಆರ್ಡರ್‌ಗಳ ಚುಕ್ಕಿಗೆರೆಗಳು ಒಂದಕ್ಕೊಂದು ಅಂಟಿಕೊಂಡು ನಿಂತಿದ್ದವು. ಎಲ್ಲವೂ ಒಂದೇ ಕ್ಯಾಂಡಲ್‌ನೊಳಗೆ ಆದದ್ದು.

ತಪ್ಪು ಇದ್ದದ್ದು ನನ್ನ ಗ್ರಹಿಕೆಯಲ್ಲಿ. ಹೊರಗಿನವರು ಎಲ್ಲವನ್ನೂ ಸ್ಕ್ರಿಪ್ಟ್ ಎಂದು ಕರೆದರೂ, ಮೆಟಾಟ್ರೇಡರ್‌ನಲ್ಲಿ ಸ್ಕ್ರಿಪ್ಟ್ ಎಂಬುದು ಸಾಮಾನ್ಯವಾಗಿ ಒಮ್ಮೆ ಓಡಿ ಮುಗಿಯುವ ಪ್ರೋಗ್ರಾಂ. ಎಕ್ಸ್‌ಪರ್ಟ್ ಅಡ್ವೈಸರ್, ಅಂದರೆ ಇಎ, ಚಾರ್ಟಿನ ಮೇಲೆಯೇ ಉಳಿದು, ಟಿಕ್, ಅಂದರೆ ಹೊಸ ಬೆಲೆ, ಬಂದಾಗಲೆಲ್ಲ ತನ್ನ ಆನ್‌ಟಿಕ್ ಫಂಕ್ಷನ್ನನ್ನು ಮತ್ತೆ ನಡೆಸುತ್ತದೆ. ಮಾರುಕಟ್ಟೆ ಚುರುಕಾಗಿದ್ದಾಗ ಇದು ಸೆಕೆಂಡಿಗೆ ಹಲವು ಬಾರಿ ನಡೆಯಬಹುದು. ಒಂದು ಸರಾಸರಿ ಇನ್ನೊಂದಕ್ಕಿಂತ ಮೇಲಿದೆ ಎಂಬ ಷರತ್ತು ಗಂಟೆಗಟ್ಟಲೆ ಸತ್ಯವಾಗಿಯೇ ಇರುವುದರಿಂದ, ಪ್ರತಿ ಟಿಕ್‌ಗೂ ಒಂದೊಂದು ಆರ್ಡರ್ ಹೋಗುವುದು ಸಹಜವೇ.

ಕೊನೆಯದಾಗಿ ನೋಡಿದ ಕ್ಯಾಂಡಲ್ ಆರಂಭವಾದ ಸಮಯವನ್ನು ಒಂದು ವೇರಿಯಬಲ್‌ನಲ್ಲಿಟ್ಟು, ಈಗಿನ ಕ್ಯಾಂಡಲ್‌ನ ಸಮಯವೂ ಅದೇ ಆಗಿದ್ದರೆ ಅಲ್ಲಿಂದಲೇ ಹಿಂದಿರುಗುವಂತೆ ತಿದ್ದಿದೆ. ಆದರೂ ಆರ್ಡರ್‌ಗಳು ನಿಲ್ಲಲಿಲ್ಲ. ಆ ವೇರಿಯಬಲ್ಲನ್ನು ಫಂಕ್ಷನ್ನಿನ ಒಳಗೆ ಸ್ಟ್ಯಾಟಿಕ್ ಎಂದು ಹೇಳದೆ ಘೋಷಿಸಿದ್ದರಿಂದ, ಪ್ರತಿ ಟಿಕ್‌ಗೂ ಅದು ತನ್ನ ನೆನಪನ್ನು ಕಳೆದುಕೊಳ್ಳುತ್ತಿತ್ತು. ಆ ಒಂದು ಪದ ಸೇರಿಸಲು ನನಗೆ ಎರಡು ಸಂಜೆ ಹಿಡಿಯಿತು. ಟರ್ಮಿನಲ್ ಮುಚ್ಚಿ ತೆರೆದರೆ ಸ್ಟ್ಯಾಟಿಕ್ ಕೂಡ ಅಳಿಸಿಹೋಗುತ್ತದೆಯಾದ್ದರಿಂದ, ನನ್ನ ಇಎಯ ಗುರುತಿಗೆಂದು ಹಾಕುವ ಮ್ಯಾಜಿಕ್ ನಂಬರ್ ಹೊತ್ತ ಆರ್ಡರ್ ಈಗಾಗಲೇ ತೆರೆದಿದೆಯೇ ಎಂದು ಬೇರೆಯಾಗಿಯೂ ಪರೀಕ್ಷಿಸುತ್ತೇನೆ.

ಕೊಳ್ಳಬೇಕೆಂದು ಮೂಡಿದ ಸಿಗ್ನಲ್ ಆಮೇಲೆ ಮಾಯವಾಗುತ್ತದೇಕೆ ಎಂಬ ಪ್ರಶ್ನೆಯ ಬೇರೂ ಇಲ್ಲಿಯೇ ಇದೆ. ಕ್ಯಾಂಡಲ್‌ಗಳ ಎಣಿಕೆ ಈಗಿನದರಿಂದ ಹಿಂದಕ್ಕೆ ಸಾಗುತ್ತದೆ, ಸೊನ್ನೆ ಸಂಖ್ಯೆಯ ಕ್ಯಾಂಡಲ್ ಇನ್ನೂ ಮೂಡುತ್ತಿರುವಂಥದ್ದು. ಅದರ ಕ್ಲೋಸ್, ಅಂದರೆ ಮುಕ್ತಾಯ ಬೆಲೆ, ಆ ಕ್ಷಣದ ಬಿಡ್ ಬೆಲೆ (ಮಾರುವಾಗ ಸಿಗುವ ಬೆಲೆ) ಮಾತ್ರ. ಬೆಲೆ ಹಿಂದೆ ಸರಿದರೆ ಸಿಗ್ನಲ್ಲೂ ಅಳಿಸಿಹೋಗುತ್ತದೆ. ಆದ್ದರಿಂದ ಮುಗಿದ ಕ್ಯಾಂಡಲ್‌ಗಳನ್ನಷ್ಟೇ ನಂಬುತ್ತೇನೆ: 2ನೆಯದರಲ್ಲಿ 50ರ ಸರಾಸರಿಗಿಂತ ಕೆಳಗಿದ್ದ 10ರ ಸರಾಸರಿ 1ನೆಯದರಲ್ಲಿ ಮೇಲೆ ಬಂದಿದ್ದರೆ ಮಾತ್ರ ಅದು ದಾಟಿದಂತೆ.

ಆಮೇಲೆ ಕಾಡಿದ್ದು ದೋಷ 130, ಅಂದರೆ ಸ್ಟಾಪ್ ಲಾಸ್ (ನಷ್ಟ ಬೆಳೆಯದಂತೆ ವಹಿವಾಟು ಮುಚ್ಚಬೇಕಾದ ಬೆಲೆ) ಸರಿಯಿಲ್ಲ ಎಂಬ ಉತ್ತರ. 20 ಪಿಪ್ (ಯೂರೋ-ಡಾಲರ್‌ನಲ್ಲಿ ಒಂದು ಪಿಪ್ ಎಂದರೆ 0.0001) ದೂರ ಬೇಕೆಂದು 20ನ್ನು ಪಾಯಿಂಟ್‌ನಿಂದ, ಅಂದರೆ ಬೆಲೆಯ ಕೊನೆಯ ದಶಮಾಂಶದ ಒಂದು ಹೆಜ್ಜೆಯಿಂದ, ಗುಣಿಸಿದ್ದೆ. ಆದರೆ ನನ್ನ ಬ್ರೋಕರ್ ಬೆಲೆಯನ್ನು 1.08425 ಎಂಬಂತೆ ಐದು ದಶಮಾಂಶಗಳಲ್ಲಿ ಕೊಡುತ್ತಿದ್ದರಿಂದ ಪಾಯಿಂಟ್ ಎಂದರೆ 0.00001, ನನ್ನ ಸ್ಟಾಪ್ ಬರೇ 2 ಪಿಪ್ ದೂರದಲ್ಲಿತ್ತು, ಬ್ರೋಕರ್ ವಿಧಿಸಿದ ಕನಿಷ್ಠ ಅಂತರಕ್ಕಿಂತ ಅದು ಕಡಿಮೆ. ಈಗ ದಶಮಾಂಶಗಳು 3 ಅಥವಾ 5 ಆಗಿದ್ದರೆ ಪಾಯಿಂಟನ್ನು ಹತ್ತರಿಂದ ಗುಣಿಸಿಕೊಳ್ಳುತ್ತೇನೆ. ಆರ್ಡರ್‌ಸೆಂಡ್ ಮೈನಸ್ 1 ಹಿಂದಿರುಗಿಸಿದಾಗ ದೋಷಸಂಖ್ಯೆಯನ್ನು ಲಾಗ್‌ನಲ್ಲಿ ಮುದ್ರಿಸದೆ, ಆರ್ಡರ್ ಏಕೆ ಹೋಗಲಿಲ್ಲ ಎಂದು ಕೇಳುವವರಿಗೆ ಯಾರೂ ಉತ್ತರಿಸಲಾರರು.

ಆರ್ಡರ್‌ಗಳನ್ನು ಮುಚ್ಚುವ ಲೂಪ್ ಕೊನೆಯಿಂದ ಸೊನ್ನೆಯ ಕಡೆಗೆ ಸಾಗಬೇಕು. ಮುಂದಿನಿಂದ ಹೊರಟರೆ, ಒಂದು ಮುಚ್ಚಿದೊಡನೆ ಉಳಿದವು ಒಂದೊಂದು ಸ್ಥಾನ ಮುಂದೆ ಸರಿದು, ಕೆಲವು ತಪ್ಪಿಹೋಗುತ್ತವೆ.

ಬ್ಯಾಕ್‌ಟೆಸ್ಟ್, ಅಂದರೆ ಹಳೆಯ ಬೆಲೆಗಳ ಮೇಲೆ ಇಎಯನ್ನು ಓಡಿಸಿ ನೋಡುವ ಪರೀಕ್ಷೆ, ಅದನ್ನು ನಂಬುವ ವಿಷಯದಲ್ಲಿ ನಾನು ಈಗ ಬಹಳ ಜಿಪುಣ. ಮೆಟಾಟ್ರೇಡರ್ 4ರ ಟೆಸ್ಟರ್ ಇಡೀ ಅವಧಿಗೆ ಒಂದೇ ಸ್ಪ್ರೆಡ್ (ಕೊಳ್ಳುವ ಮತ್ತು ಮಾರುವ ಬೆಲೆಗಳ ಅಂತರ) ಹಿಡಿಯುತ್ತದೆ, ನಿಜವಾದ ಸ್ಪ್ರೆಡ್ ಸುದ್ದಿಯ ಹೊತ್ತಿಗೆ ಹಿಗ್ಗುತ್ತದೆ. ಸ್ಟಾಪ್ ಲಾಸ್ ಕೂಡ ಬೆಲೆಯ ಖಾತರಿಯಲ್ಲ: 2015ರ ಜನವರಿ 15ರಂದು ಸ್ವಿಸ್ ನ್ಯಾಷನಲ್ ಬ್ಯಾಂಕ್ ಯೂರೋಗೆ ನಿಗದಿಪಡಿಸಿದ್ದ 1.20 ಫ್ರಾಂಕಿನ ಕನಿಷ್ಠ ಮಿತಿಯನ್ನು ಕೈಬಿಟ್ಟಾಗ, ಅದರ ಸ್ವಲ್ಪವೇ ಕೆಳಗಿದ್ದ ಅನೇಕ ಸ್ಟಾಪ್‌ಗಳು ತಾವು ಹೇಳಿದ ಬೆಲೆಗಿಂತ ಬಹಳ ಕೆಳಗೆ ಈಡೇರಿದವು. ಆರ್ಡರ್ ಕಳಿಸುವ ಮೊದಲು ಆ ಕ್ಷಣದ ಸ್ಪ್ರೆಡ್ ಅಳೆದು, ನಾನಿಟ್ಟ ಮಿತಿ ಮೀರಿದ್ದರೆ ಸುಮ್ಮನಿರುವ ಎರಡು ಸಾಲುಗಳು ಅಂದಿನಿಂದ ನನ್ನ ಪ್ರತಿ ಇಎಯಲ್ಲೂ ಇವೆ.