ನಿನಗೇನು ಅನ್ಸುತ್ತೆ ಮಗೂ?

ಮಕ್ಕಳು ಅಡುಗೆಮನೆಗೆ ಬಂದು ನಿಂತರೆ ಕೆಲಸ ನಿಧಾನವಾಗುತ್ತದೆ, ನಿಜ. ಆದರೂ ಅವರನ್ನು ಆಚೆ ಕಳಿಸಬೇಡಿ ಅಂತಲೇ ನಾನು ಹೇಳುವುದು. ಬೆಂಕಿ, ನೀರು, ಸೋಪು, ಉಪ್ಪು, ಮಂಜುಗಡ್ಡೆ ಎಲ್ಲಾ ಒಂದೇ ಕಡೆ ಸಿಗುವ ಜಾಗ ಮನೆಯಲ್ಲಿ ಇನ್ನೊಂದಿಲ್ಲ. ನನ್ನ ಮಕ್ಕಳು, ಆಮೇಲೆ ಮೊಮ್ಮಕ್ಕಳು, ಎಲ್ಲರೂ ಒಲೆಯ ಪಕ್ಕ ನಿಂತು 'ಯಾಕೆ, ಯಾಕೆ' ಅಂತ ಕೇಳುತ್ತಲೇ ಬೆಳೆದರು. ಅವರ ಜೊತೆ ಇದ್ದು ನಾನು ಕಲಿತದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಮಗು 'ಯಾಕೆ' ಅಂದ ತಕ್ಷಣ ಉತ್ತರ ಕೊಡಬೇಡಿ. 'ನಿನಗೇನು ಅನ್ಸುತ್ತೆ?' ಅಂತ ಕೇಳಿ. ಅದು ಏನೋ ಒಂದು ಹೇಳುತ್ತದೆ. 'ಸರಿ, ಮಾಡಿ ನೋಡೋಣ' ಅನ್ನಿ. ಮೊದಲು ಊಹೆ, ಆಮೇಲೆ ಪ್ರಯೋಗ, ವಿವರಣೆ ಕೊನೆಗೆ. ಉತ್ತರ ಮೊದಲೇ ಗೊತ್ತಾದರೆ ಪ್ರಯೋಗ ನೋಡುವ ಆಸೆಯೇ ಇರುವುದಿಲ್ಲ.

ಕುದಿಯುವ ನೀರಿನಿಂದ ಶುರು ಮಾಡಿ. ಜ್ವರ ನೋಡುವ ಥರ್ಮಾಮೀಟರ್ ಬೇಡ, ಅದು ಒಡೆದು ಹೋಗುತ್ತದೆ. ಅಡುಗೆಗೆ ಅಂತಲೇ ಬರುವುದೊಂದನ್ನು ತಂದಿಟ್ಟುಕೊಳ್ಳಿ. ನೀರು ಒಲೆಯ ಮೇಲಿಟ್ಟು ನಿಮಿಷಕ್ಕೊಂದು ಸಲ ಎಷ್ಟಿದೆ ಅಂತ ಬರೆಯಿಸಿ. ಮೊದಲು ಪಾತ್ರೆಯ ಗೋಡೆಗೆ ಸಣ್ಣ ಸಣ್ಣ ಗುಳ್ಳೆ ಅಂಟುತ್ತವೆ. ಅದು ಕುದಿ ಅಲ್ಲ, ನೀರಿನಲ್ಲಿ ಕರಗಿದ್ದ ಗಾಳಿ ಹೊರಗೆ ಬರುತ್ತಿರುವುದು. ಆಮೇಲೆ ತಳದಿಂದ ದೊಡ್ಡ ಗುಳ್ಳೆಗಳು ಎದ್ದು ಬರುತ್ತವೆ. ಮುಳ್ಳು 100ರ ಹತ್ತಿರ ಬಂದು ನಿಂತುಬಿಡುತ್ತದೆ. ಈಗ ಕೇಳಿ: 'ಉರಿ ಇನ್ನೂ ಜಾಸ್ತಿ ಮಾಡಿದ್ರೆ ಏನಾಗುತ್ತೆ?' ಎಲ್ಲರೂ ಇನ್ನೂ ಬಿಸಿ ಆಗುತ್ತೆ ಅಂತಲೇ ಹೇಳುತ್ತಾರೆ. ಉರಿ ಜಾಸ್ತಿ ಮಾಡಿ. ಮುಳ್ಳು ಅಲ್ಲಾಡುವುದಿಲ್ಲ! ಮಕ್ಕಳ ಮುಖ ಆಗ ನೋಡಬೇಕು.

ಕೊಟ್ಟ ಶಾಖವೆಲ್ಲಾ ಎಲ್ಲಿ ಹೋಯಿತು? ನೀರನ್ನು ಹಬೆ ಮಾಡಲು ಹೋಯಿತು. ಒಂದು ಗ್ರಾಂ ನೀರನ್ನು ಮಂಜಿನಷ್ಟು ತಣ್ಣಗಿರುವಲ್ಲಿಂದ ಕುದಿಯುವವರೆಗೆ ಬಿಸಿ ಮಾಡಲು 100 ಕ್ಯಾಲೊರಿ ಸಾಕು. ಕುದಿಯುತ್ತಿರುವ ಅದೇ ಒಂದು ಗ್ರಾಂ ನೀರನ್ನು ಪೂರ್ತಿ ಹಬೆ ಮಾಡಲು ಸುಮಾರು 540 ಬೇಕು. ಹಾಗಾಗಿ ಕುದಿ ಬಂದ ಮೇಲೆ ಉರಿ ಸಣ್ಣ ಮಾಡಿ ಮುಚ್ಚಳ ಮುಚ್ಚಿ. ಆಲೂಗಡ್ಡೆ ಬೇಯುವುದು ನೀರಿನ ಬಿಸಿಗೆ, ಅದರ ಗದ್ದಲಕ್ಕಲ್ಲ. ನಂಬಿಕೆ ಬರದಿದ್ದರೆ ಒಂದೇ ಅಳತೆಯ ಎರಡು ಪಾತ್ರೆ ಇಡಿ. ಒಂದರಲ್ಲಿ ನೀರು ಕೊತಕೊತ ಕುದಿಯಲಿ, ಇನ್ನೊಂದರಲ್ಲಿ ಮೆಲ್ಲಗೆ ಕುದಿಯಲಿ. ಅಷ್ಟೇ ಹೊತ್ತಿಗೆ ಎರಡನ್ನೂ ಚುಚ್ಚಿ ನೋಡಿ. ಕುದಿಯುವ ನೀರಿನ ಬಿಸಿ ಏರಬೇಕೆಂದರೆ ಒತ್ತಡ ಹೆಚ್ಚಬೇಕು. ಕುಕ್ಕರ್ ಮಾಡುವುದು ಅದನ್ನೇ, ಅದರೊಳಗೆ ನೀರು ಸುಮಾರು 120 ಡಿಗ್ರಿವರೆಗೆ ಏರುತ್ತದೆ. ಡೆನಿಸ್ ಪಾಪಿನ್ ಅನ್ನುವವನು 1679ರಲ್ಲೇ ಇಂಥ ಪಾತ್ರೆ ಮಾಡಿ ತೋರಿಸಿದ್ದ.

ಬಿಗಿದ ಮುಚ್ಚಳದ ಉಪಾಯ ನಿಮಗೆ ಗೊತ್ತೇ ಇರುತ್ತದೆ. ಗಾಜಿನ ಬಾಟಲಿಯ ತಗಡಿನ ಮುಚ್ಚಳಕ್ಕೆ ಸ್ವಲ್ಪ ಹೊತ್ತು ಬಿಸಿನೀರು ತಾಗಿಸಿದರೆ ಸುಲಭವಾಗಿ ತಿರುಗುತ್ತದೆ. ಬಿಸಿಗೆ ಲೋಹ ಗಾಜಿಗಿಂತ ಜಾಸ್ತಿ ಹಿಗ್ಗುತ್ತದೆ, ಅಷ್ಟೇ. ಫ್ರಿಜ್ಜಿನಿಂದ ಆಗತಾನೇ ತೆಗೆದ ಬಾಟಲಿಗೆ ಮಾತ್ರ ಕುದಿನೀರು ಹಾಕಬೇಡಿ, ಗಾಜು ಸೀಳುತ್ತದೆ.

ಪಾತ್ರೆ ತೊಳೆಯುವ ಹೊತ್ತಿಗೂ ಮಕ್ಕಳನ್ನು ಕರೆಯಿರಿ. ಅಗಲವಾದ ತಟ್ಟೆಯಲ್ಲಿ ನೀರು ಹಾಕಿ, ಮೇಲೆ ಕರಿಮೆಣಸಿನ ಪುಡಿ ಉದುರಿಸಿ. ಪುಡಿ ತೇಲುತ್ತದೆ. ಈಗ ಬೆರಳ ತುದಿಗೆ ಒಂದು ಹನಿ ಸೋಪು ಹಚ್ಚಿ ನಡುವೆ ಮುಟ್ಟಿಸಿ. ಪುಡಿಯೆಲ್ಲಾ ಕಣ್ಣು ಮಿಟುಕಿಸುವುದರೊಳಗೆ ಅಂಚಿಗೆ ಓಡುತ್ತದೆ. ನನ್ನ ಕಿರಿಯ ಮೊಮ್ಮಗಳು 'ಮೆಣಸಿಗೆ ಸೋಪು ಕಂಡ್ರೆ ಭಯ' ಅಂದಿದ್ದಳು. 'ಹಾಗಾದ್ರೆ ಇನ್ನೊಂದು ಸಲ ಹೆದರಿಸು' ಅಂದೆ. ಮುಟ್ಟಿದಳು. ಪುಡಿ ಹಾಗೆಯೇ ನಿಂತಿತ್ತು. ಅವಳು ತಟ್ಟೆಯನ್ನೇ ನೋಡುತ್ತ ತುಂಬಾ ಹೊತ್ತು ಕೂತಳು. ಕೊನೆಗೆ 'ಸೋಪು ಆಗ್ಲೇ ಎಲ್ಲಾ ಕಡೆ ಹೋಗ್ಬಿಟ್ಟಿದೆ' ಅಂದಳು. ಸರಿಯಾದ ಮಾತು. ನೀರಿನ ಮೇಲ್ಮೈ ಬಿಗಿಯಾಗಿ ಎಳೆದು ಕಟ್ಟಿದ ಬಟ್ಟೆಯ ಹಾಗೆ. ಸೋಪು ತಾಗಿದ ಕಡೆ ಆ ಎಳೆತ ಸಡಿಲವಾಗುತ್ತದೆ, ಸುತ್ತಲಿನ ನೀರು ತನ್ನ ಕಡೆಗೆ ಜಗ್ಗಿಕೊಳ್ಳುತ್ತದೆ. ಮೆಣಸು ಅದರ ಜೊತೆ ಹೋಗುತ್ತದೆ. ಸೋಪು ಎಲ್ಲಾ ಕಡೆ ಹರಡಿದ ಮೇಲೆ ಜಗ್ಗುವವರು ಯಾರೂ ಉಳಿಯುವುದಿಲ್ಲ.

ಇಲ್ಲಿ ಒಬ್ಬ ಹೆಣ್ಣುಮಗಳ ಕಥೆ ಹೇಳಲೇಬೇಕು. ಜರ್ಮನಿಯ ಆಗ್ನೆಸ್ ಪೊಕೆಲ್ಸ್ ಹುಟ್ಟಿದ್ದು 1862ರಲ್ಲಿ. ಆಗ ಅಲ್ಲಿನ ವಿಶ್ವವಿದ್ಯಾಲಯಗಳಲ್ಲಿ ಹೆಣ್ಣುಮಕ್ಕಳಿಗೆ ಪ್ರವೇಶ ಇರಲಿಲ್ಲ. ಆಕೆ ಮನೆಯಲ್ಲೇ ಇದ್ದು ಅಪ್ಪ ಅಮ್ಮನನ್ನು ನೋಡಿಕೊಂಡಳು. ಪಾತ್ರೆ ತೊಳೆದ ನೀರಿನ ಮೇಲೆ ಜಿಡ್ಡು, ಸೋಪು ಏನು ಮಾಡುತ್ತವೆ ಅಂತ ಗಮನಿಸಿ, ತಗಡಿನ ತೊಟ್ಟಿಯೊಂದನ್ನು ಇಟ್ಟುಕೊಂಡು ಮೇಲ್ಮೈ ಎಳೆತವನ್ನು ಅಳೆದಳು. 1891ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಲಾರ್ಡ್ ರೇಲಿಗೆ ಕಾಗದ ಬರೆದಳು. ಆತ ಅದನ್ನು 'ನೇಚರ್' ಪತ್ರಿಕೆಗೆ ಕಳಿಸಿ ಅಚ್ಚು ಹಾಕಿಸಿದ. ಅಮೆರಿಕದ ವಿಜ್ಞಾನಿ ಇರ್ವಿಂಗ್ ಲ್ಯಾಂಗ್‌ಮ್ಯೂರ್ ಮುಂದೆ ಆ ತೊಟ್ಟಿಯನ್ನೇ ಸುಧಾರಿಸಿಕೊಂಡು ಕೆಲಸ ಮಾಡಿದ. ಮೇಲ್ಮೈಗಳ ಅಧ್ಯಯನಕ್ಕೆ ಅವನಿಗೆ 1932ರಲ್ಲಿ ನೊಬೆಲ್ ಬಂತು. ಜಿಡ್ಡಿನ ಪಾತ್ರೆ ಮುಂದಿಟ್ಟುಕೊಂಡಾಗಲೆಲ್ಲಾ ನನಗೆ ಆಗ್ನೆಸ್ ನೆನಪಾಗುತ್ತಾಳೆ. ಅಂದಹಾಗೆ, ಜಿಡ್ಡಿನ ಪಾತ್ರೆಗೆ ಮೊದಲೇ ನೀರು ತುಂಬಿಸಬೇಡಿ. ಸೋಪನ್ನು ನೇರವಾಗಿ ಜಿಡ್ಡಿಗೇ ಹಚ್ಚಿ, ಸ್ವಲ್ಪ ಬಿಸಿನೀರು ಚಿಮುಕಿಸಿ ಉಜ್ಜಿ. ಸೋಪಿನ ಅಣುವಿನ ಒಂದು ತುದಿ ಜಿಡ್ಡನ್ನು ಹಿಡಿಯುತ್ತದೆ, ಇನ್ನೊಂದು ನೀರನ್ನು. ಮೊದಲು ಜಿಡ್ಡು ಸಿಗಲಿ, ಆಮೇಲೆ ನೀರಿನ ಜೊತೆ ಅದೇ ಕೊಚ್ಚಿಕೊಂಡು ಹೋಗುತ್ತದೆ.

ಮೇಣದಬತ್ತಿ ಪ್ರಯೋಗವನ್ನು ದೊಡ್ಡವರೇ ಕೂತು ಮಾಡಿಸಿ. ತಟ್ಟೆಯಲ್ಲಿ ಬತ್ತಿ ನಿಲ್ಲಿಸಿ, ಸುತ್ತ ನೀರು ಹಾಕಿ, ಹಚ್ಚಿ, ಮೇಲೆ ಗಾಜಿನ ಲೋಟ ಬೋರಲು ಹಾಕಬೇಕು. ಬತ್ತಿ ಆರುತ್ತದೆ, ನೀರು ಲೋಟದೊಳಗೆ ಏರುತ್ತದೆ. ನಾನು ಎಷ್ಟೋ ವರ್ಷ 'ಆಮ್ಲಜನಕ ಉರಿದು ಹೋಯ್ತು, ಆ ಜಾಗಕ್ಕೆ ನೀರು ಬಂತು' ಅಂತಲೇ ಹೇಳಿಕೊಟ್ಟಿದ್ದೆ. ನನಗೂ ಹಾಗೇ ಹೇಳಿಕೊಟ್ಟಿದ್ದರು. ಒಂದು ದಿನ ಹಿರಿಯ ಮೊಮ್ಮಗ 'ಅಜ್ಜಿ, ಮೂರು ಬತ್ತಿ ಇಟ್ರೆ?' ಅಂದ. ಇಟ್ಟೆವು. ಲೋಟ ಅದೇ, ಒಳಗಿನ ಗಾಳಿ ಜಾಸ್ತಿಯಾಗಿಲ್ಲ. ಆದರೆ ನೀರು ಮೊದಲಿಗಿಂತ ಮೇಲೆ ಏರಿತು. ಆಮ್ಲಜನಕವೇ ಕಾರಣವಾಗಿದ್ದರೆ ಹೀಗಾಗಬಾರದು ಅಲ್ವಾ? ಮತ್ತೆ ಮಾಡಿದೆವು, ಈ ಸಲ ಕಣ್ಣಿಟ್ಟು ನೋಡಿದೆವು. ಲೋಟ ಇಡುವಾಗ ಅಂಚಿನಿಂದ ಗುಳ್ಳೆಗಳು ಹೊರಗೆ ಹೋದವು. ಬತ್ತಿ ಉರಿಯುವಾಗ ನೀರು ಅಷ್ಟಾಗಿ ಏರಲಿಲ್ಲ, ಆರಿದ ಮೇಲೆ ಸರ್ರನೆ ಏರಿತು. ಉರಿಯ ಬಿಸಿಗೆ ಹಿಗ್ಗಿದ ಗಾಳಿ ಸ್ವಲ್ಪ ಹೊರಗೆ ಹೋಗಿರುತ್ತದೆ. ಉರಿ ಆರಿದ ಮೇಲೆ ಉಳಿದದ್ದು ತಣ್ಣಗಾಗಿ ಕುಗ್ಗುತ್ತದೆ. ಆಗ ಹೊರಗಿನ ಗಾಳಿಯ ಒತ್ತಡ ನೀರನ್ನು ಒಳಗೆ ತಳ್ಳುತ್ತದೆ. ಮುಖ್ಯ ಕಾರಣ ಇದೇ. ಲೋಟದ ಆಮ್ಲಜನಕ ಪೂರ್ತಿ ಖಾಲಿಯಾಗುವ ಮೊದಲೇ ಬತ್ತಿ ಆರಿರುತ್ತದೆ. 'ನಾನು ಹೇಳಿದ್ದು ತಪ್ಪು ಕಂದ, ನಿನ್ನ ಪ್ರಶ್ನೆ ಚೆನ್ನಾಗಿತ್ತು' ಅಂದೆ. ಆ ಹುಡುಗ ಅವತ್ತಿನಿಂದ ಯಾವ ಉತ್ತರವನ್ನೂ ಸುಮ್ನೆ ಒಪ್ಪುವುದಿಲ್ಲ. ನನಗೆ ಅದೇ ಸಂತೋಷ.

ಬತ್ತಿ ಕೈಯಲ್ಲಿರುವಾಗಲೇ ಇನ್ನೊಂದು ಮಾಡಿ. ಅದನ್ನು ಊದಿ ಆರಿಸಿ. ಬಿಳಿ ಹೊಗೆಯ ಎಳೆ ಮೇಲೇಳುತ್ತದಲ್ಲ, ಕಡ್ಡಿ ಗೀರಿ ಬತ್ತಿಯಿಂದ ಒಂದೆರಡು ಬೆರಳು ಮೇಲೆ ಆ ಹೊಗೆಗೆ ಹಿಡಿಯಿರಿ. ಬೆಂಕಿ ಹೊಗೆಯಲ್ಲೇ ಇಳಿದು ಬತ್ತಿ ಮತ್ತೆ ಹತ್ತಿಕೊಳ್ಳುತ್ತದೆ. ಉರಿಯುವುದು ಮೇಣದ ಆವಿ ಅಂತ ಬಾಯಿಬಿಟ್ಟು ಹೇಳುವುದೇ ಬೇಕಾಗುವುದಿಲ್ಲ. ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ 1825ರಲ್ಲಿ ಶುರುವಾದ ಕ್ರಿಸ್‌ಮಸ್ ಉಪನ್ಯಾಸಗಳಲ್ಲಿ ಮೈಕೆಲ್ ಫ್ಯಾರಡೆ ಒಂದು ಮೇಣದಬತ್ತಿಯನ್ನೇ ಇಟ್ಟುಕೊಂಡು ಮಕ್ಕಳಿಗೆ ದಿನಗಟ್ಟಲೆ ಪಾಠ ಹೇಳಿದ್ದ.

ಒಂದು ಎಚ್ಚರಿಕೆ. ಮನೆಯ ಕ್ಲೀನರ್‌ಗಳನ್ನು ಒಂದಕ್ಕೊಂದು ಬೆರೆಸಿ ಪ್ರಯೋಗ ಮಾಡಲು ಬಿಡಲೇಬೇಡಿ. ಬ್ಲೀಚಿಗೆ ಟಾಯ್ಲೆಟ್ ತೊಳೆಯುವ ಆಸಿಡ್ ಸೇರಿದರೆ ಕ್ಲೋರಿನ್ ಅನಿಲ ಬರುತ್ತದೆ, ಉಸಿರಿಗೆ ಅದು ವಿಷ. ಈ ಬಾಟಲಿಗಳು ಮಕ್ಕಳ ಕೈಗೆ ಸಿಗದ ಕಡೆ ಇರಲಿ.

ರಜೆಯ ದಿನಕ್ಕೊಂದು ಹೇಳುತ್ತೇನೆ. ಒಂದು ಸ್ಟೀಲ್ ತಟ್ಟೆ, ಒಂದು ಮರದ ಹಲಗೆ ಅರ್ಧ ದಿನ ಒಂದೇ ಕೋಣೆಯಲ್ಲಿರಲಿ. ಮಕ್ಕಳು ಮುಟ್ಟಿ ನೋಡಲಿ. ಸ್ಟೀಲು ತಣ್ಣಗೆ, ಮರ ಬೆಚ್ಚಗೆ. ಒಂದೊಂದರ ಮೇಲೂ ಒಂದೇ ಗಾತ್ರದ ಮಂಜುಗಡ್ಡೆ ಇಟ್ಟು, ಯಾವುದು ಬೇಗ ಕರಗುತ್ತದೆ ಅಂತ ಮೊದಲೇ ಬರೆಯಿಸಿ. ಬಹಳ ಮಂದಿ 'ಮರದ್ದು' ಅಂತ ಬರೆಯುತ್ತಾರೆ. ಕರಗುವುದು ಸ್ಟೀಲಿನ ಮೇಲಿನದ್ದು. ಎರಡರ ಬಿಸಿಯೂ ಒಂದೇ. ಸ್ಟೀಲು ಶಾಖವನ್ನು ಬೇಗ ಸಾಗಿಸುತ್ತದೆ. ನಮ್ಮ ಕೈಯಿಂದ ಬೇಗ ಎಳೆದುಕೊಳ್ಳುತ್ತದೆ, ಮಂಜಿಗೆ ಬೇಗ ಕೊಡುತ್ತದೆ. ಊಹೆ ತಪ್ಪಿದರೆ ಆ ಸಾಲನ್ನು ಹೊಡೆದುಹಾಕಬೇಡಿ ಅಂತ ಮಕ್ಕಳಿಗೆ ಹೇಳಿ. ಅದರ ಕೆಳಗೇ ಏನಾಯಿತು ಅಂತ ಬರೆಯಲಿ. ನಮ್ಮ ಮನೆಯ ನೋಟ್‌ಬುಕ್ಕಿನಲ್ಲಿ ತಪ್ಪು ಊಹೆಗಳೇ ಜಾಸ್ತಿ. ಮಕ್ಕಳು ತಿರುತಿರುಗಿ ಓದುವುದೂ ಅವನ್ನೇ.

ಆ ಪುಸ್ತಕದ ಕೊನೆಯ ಪುಟದಲ್ಲಿ ಈ ವಾರದ ಪ್ರಶ್ನೆ ಇದೆ. ಒಬ್ಬರು ಕಣ್ಣು ಮುಚ್ಚಿ ಕೂರಬೇಕು. ಇನ್ನೊಬ್ಬರು ಒಂದೇ ಥರದ ಲೋಟಕ್ಕೆ ಒಮ್ಮೆ ತಣ್ಣೀರು, ಒಮ್ಮೆ ಬಿಸಿನೀರು ಸುರಿಯಬೇಕು. ಸದ್ದಿನಲ್ಲೇ ಯಾವುದು ಬಿಸಿ ಅಂತ ಹೇಳಬಹುದಾ? ಬಿಸಿನೀರು ಸುರಿಯುವ ಕೆಲಸ ನೀವೇ ಇಟ್ಟುಕೊಳ್ಳಿ. ಉತ್ತರ ನಾನು ಈಗ ಹೇಳುವುದಿಲ್ಲ.