ಡೆಲವೇರ್ ಹೊಳೆ ದಾಟಿದ ಮೇಲೆ ನನ್ನ ಟೆಕ್ಸಾಸ್ ಲೈಸನ್ಸ್

ಊರಲ್ಲಿ ಅಪ್ಪನ ಹತ್ತಿರ ಒಂದು ತೋಟದ ಕೋವಿ ಇದೆ. ಸುಳ್ಯ ತಾಲೂಕಿನ ಅಡಿಕೆ ತೋಟದ ಮನೆಗಳಲ್ಲಿ ಇರುವಂಥದ್ದೇ. ಹಂದಿ, ಮಂಗಗಳನ್ನು ಓಡಿಸಲಿಕ್ಕೆ. ಅದಕ್ಕೆ ಲೈಸನ್ಸ್ ಬೇಕು, ನವೀಕರಣ ಬೇಕು, ಚುನಾವಣೆ ಬಂತೆಂದರೆ ಠಾಣೆಗೆ ಒಪ್ಪಿಸಿ ಬರಬೇಕು. ಅದೇ ಸಂಪಾಜೆ ದಾಟಿ ಕೊಡಗಿಗೆ ಹೋದರೆ ಕಥೆಯೇ ಬೇರೆ. ಅಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿ ಎಂಬ ವಂಶಪಾರಂಪರ್ಯದ ಭೂಮಿ ಇರುವವರಿಗೂ ಲೈಸನ್ಸಿನಿಂದಲೇ ವಿನಾಯಿತಿ. ಈಗಿನ ಆದೇಶ 2029ರವರೆಗೂ ಇದೆ. ಅದೇ ಮಳೆ, ಅದೇ ಹಂದಿ, ಕಾನೂನು ಮಾತ್ರ ಬೇರೆ ಅಂತ ಅಪ್ಪ ಗೊಣಗುವುದನ್ನು ಕೇಳುತ್ತಲೇ ಬೆಳೆದವನು ನಾನು.

ಹಾಗಿದ್ದೂ 2024ರಲ್ಲಿ ಡಾಲಸ್ ಕಡೆಯಿಂದ ನ್ಯೂಜೆರ್ಸಿಗೆ ಪಿಸ್ತೂಲಿನ ಸಮೇತ ಮನೆ ಬದಲಿಸುವಾಗ ನಾನೇ ಆ ಗುಂಡಿಗೆ ಬೀಳುವುದರಲ್ಲಿದ್ದೆ.

ಮುಂದೆ ಓದುವ ಮೊದಲು ಒಂದು ಮಾತು. ನಾನು ಪಿಸ್ತೂಲು ಕೊಂಡದ್ದು ಗ್ರೀನ್ ಕಾರ್ಡ್ ಬಂದ ಮೇಲೆ. ಎಚ್-1ಬಿ ವೀಸಾದಲ್ಲಿ ಇರುವವರು ಬಂದೂಕನ್ನಾಗಲಿ, ಒಂದೇ ಒಂದು ಗುಂಡನ್ನಾಗಲಿ ಇಟ್ಟುಕೊಳ್ಳುವುದಕ್ಕೆ ಫೆಡರಲ್ ಕಾನೂನಿನಲ್ಲೇ ನಿಷೇಧವಿದೆ. ಬೇಟೆ ಲೈಸನ್ಸ್ ಇದ್ದವರಿಗೆ, ಹೀಗೆ ಕೆಲವೇ ವಿನಾಯಿತಿಗಳು. ಸ್ನೇಹಿತ ಒಯ್ಯುತ್ತಾನೆ ಎಂದು ನೀವೂ ಹೊರಡಬೇಡಿ. ಇನ್ನೊಂದು, ನ್ಯೂಜೆರ್ಸಿಯಲ್ಲಿ ಗಾಂಜಾ ಅಂಗಡಿಯಲ್ಲೇ ಸಿಗುತ್ತದೆ. ಆದರೆ ಫೆಡರಲ್ ಲೆಕ್ಕದಲ್ಲಿ ಅದು ಇನ್ನೂ ಕಾನೂನುಬಾಹಿರ. ಗನ್ ಕೊಳ್ಳುವಾಗ ತುಂಬುವ ಫಾರಂನಲ್ಲಿ ಆ ಪ್ರಶ್ನೆ ಇರುತ್ತದೆ. ಸುಳ್ಳು ಬರೆದರೆ ಗನ್ ಜೊತೆಗೆ ಗ್ರೀನ್ ಕಾರ್ಡಿಗೂ ಕುತ್ತು.

ಟೆಕ್ಸಾಸ್‌ನಲ್ಲಿ 2021ರ ಸೆಪ್ಟೆಂಬರ್‌ನಿಂದ 21 ವರ್ಷ ದಾಟಿದ ಹೆಚ್ಚಿನವರಿಗೆ ಪಿಸ್ತೂಲು ಒಯ್ಯಲು ಪರ್ಮಿಟ್ಟೇ ಬೇಡ. ನಾನು ಆದರೂ ಲೈಸನ್ಸ್ ಟು ಕ್ಯಾರಿ ಮಾಡಿಸಿಟ್ಟಿದ್ದೆ. ಅರ್ಧ ದಿನದ ಕ್ಲಾಸು, 50 ಗುಂಡಿನ ಪರೀಕ್ಷೆ, 250ಕ್ಕೆ 175 ಬಂದರೆ ಪಾಸು. 40 ಡಾಲರ್ ಫೀಸು, ನಾಲ್ಕೈದು ವರ್ಷ ಚಿಂತೆಯಿಲ್ಲ. ಮಾಡಿಸಿದ್ದು ಬೇರೆ ರಾಜ್ಯಗಳಲ್ಲೂ ನಡೆಯುತ್ತದೆ ಎಂಬ ಆಸೆಗೆ. ಬಹಳ ಕಡೆ ನಡೆಯುತ್ತದೆ, ನಿಜ. ಆದರೆ ನ್ಯೂಜೆರ್ಸಿಯಲ್ಲಿ ನಡೆಯುವುದಿಲ್ಲ. ಆ ರಾಜ್ಯ ಬೇರೆ ಯಾವ ರಾಜ್ಯದ ಪರ್ಮಿಟ್ಟನ್ನೂ ಒಪ್ಪುವುದಿಲ್ಲ.

ಇದನ್ನು ಹೇಳಿದ್ದು ಗುಂಡು ಹೊಡೆದು ಅಭ್ಯಾಸ ಮಾಡುವ ರೇಂಜಿನಲ್ಲಿ ಪರಿಚಯವಾದ ಒಬ್ಬ ಅಜ್ಜ. ಸುಮ್ನೆ ಹೇಳಲಿಲ್ಲ, ಶನೀನ್ ಅಲೆನ್ ಎಂಬಾಕೆಯ ಕಥೆ ಹೇಳಿದರು. ಫಿಲಡೆಲ್ಫಿಯಾದ ತಾಯಿ, ಪೆನ್ಸಿಲ್ವೇನಿಯಾದ ಪರ್ಮಿಟ್ ಇದ್ದವಳು. 2013ರಲ್ಲಿ ನ್ಯೂಜೆರ್ಸಿಯ ರಸ್ತೆಯಲ್ಲಿ ಪೊಲೀಸರು ಕಾರು ನಿಲ್ಲಿಸಿದಾಗ, ನನ್ನ ಹತ್ತಿರ ಗನ್ ಇದೆ, ಪರ್ಮಿಟ್ಟೂ ಇದೆ ಎಂದು ಅವಳೇ ಹೇಳಿದಳು. ಬಂಧನವಾಯಿತು. ಪರ್ಮಿಟ್ ಇಲ್ಲದೆ ಪಿಸ್ತೂಲು ಒಯ್ಯುವುದು ಅಲ್ಲಿ ಎರಡನೇ ದರ್ಜೆಯ ಅಪರಾಧ, 5ರಿಂದ 10 ವರ್ಷ ಜೈಲು. ಅದರಲ್ಲಿ ಮೂರೂವರೆ ವರ್ಷ ಪರೋಲಿಲ್ಲದೆ ಕಳೆಯಬೇಕಾಗಿ ಬರಬಹುದಿತ್ತು. ಕೊನೆಗೆ 2015ರಲ್ಲಿ ಗವರ್ನರ್ ಕ್ರಿಸ್ ಕ್ರಿಸ್ಟಿ ಕ್ಷಮಾದಾನ ಕೊಟ್ಟರು. ಕೇಳಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮರುದಿನದಿಂದಲೇ ಓದಲು ಕುಳಿತೆ.

ಹೊರಡುವ ಮೊದಲೇ ಮಾಡಬೇಕಾದ ಕೆಲಸ ಜಾಸ್ತಿ ಇತ್ತು. ನನ್ನದು ಗ್ಲಾಕ್ 19. ಅದರ ಜೊತೆ ಬರುವ ಮ್ಯಾಗಝಿನ್‌ನಲ್ಲಿ 15 ಗುಂಡು ಹಿಡಿಯುತ್ತವೆ. ನ್ಯೂಜೆರ್ಸಿಯಲ್ಲಿ ಮಿತಿ 10. ಗನ್ ಸರಿ, ಮ್ಯಾಗಝಿನ್ ಅಪರಾಧ! ನಾಲ್ಕು ಮ್ಯಾಗಝಿನ್‌ಗಳನ್ನೂ ಪ್ಲೇನೋದ ಗೆಳೆಯನಿಗೆ ಕೊಟ್ಟು, ಹತ್ತು ಗುಂಡಿನವು ಮೂರನ್ನು ಕೊಂಡೆ. ತುದಿ ಟೊಳ್ಳಾಗಿರುವ ಹಾಲೋ ಪಾಯಿಂಟ್ ಗುಂಡುಗಳದ್ದು ಇನ್ನೂ ವಿಚಿತ್ರ. ಟೆಕ್ಸಾಸ್‌ನ ಕ್ಲಾಸಿನಲ್ಲಿ, ಒಯ್ಯುವುದಾದರೆ ಇದನ್ನೇ ಒಯ್ಯಿರಿ, ಆಚೆ ಇರುವವರಿಗೆ ತೂರಿಕೊಂಡು ಹೋಗುವ ಅಪಾಯ ಕಮ್ಮಿ ಎಂದು ಹೇಳಿಕೊಟ್ಟಿದ್ದರು. ನ್ಯೂಜೆರ್ಸಿಯಲ್ಲಿ ಅದನ್ನು ಮನೆಯಲ್ಲಿ ಇಟ್ಟುಕೊಳ್ಳಬಹುದು, ರೇಂಜಿಗೆ ಒಯ್ಯಬಹುದು. ಆದರೆ ಕ್ಯಾರಿ ಪರ್ಮಿಟ್ ಇದ್ದರೂ ಸೊಂಟದ ಗನ್ನಿನಲ್ಲಿ ಇರುವಂತಿಲ್ಲ. ತುದಿಯಲ್ಲಿ ಪಾಲಿಮರ್ ತುಂಬಿದ ಗುಂಡು ಆಗಬಹುದು. ಇದರ ತರ್ಕ ನನಗಂತೂ ಹೊಳೆದಿಲ್ಲ. ಮನೆ ಸಾಮಾನು ಸಾಗಿಸುವ ಮೂವರ್ಸ್‌ ಕಂಪನಿಯವರು ಹೇಗೂ ಮದ್ದುಗುಂಡು ಮುಟ್ಟುವುದಿಲ್ಲ. ಉಳಿದಿದ್ದನ್ನೆಲ್ಲ ರೇಂಜಿನಲ್ಲಿ ಹೊಡೆದು ಖಾಲಿ ಮಾಡಿದೆ.

ದಾರಿಯನ್ನೂ ಲೆಕ್ಕ ಹಾಕಿಯೇ ಹಿಡಿದೆ. ಐ-30ರಲ್ಲಿ ಲಿಟಲ್ ರಾಕ್, ಅಲ್ಲಿಂದ ಐ-40ರಲ್ಲಿ ಮೆಂಫಿಸ್, ನ್ಯಾಶ್‌ವಿಲ್, ನಾಕ್ಸ್‌ವಿಲ್. ಆಮೇಲೆ ಐ-81 ಹಿಡಿದು ವರ್ಜೀನಿಯಾದ ಉದ್ದಕ್ಕೂ ಹೋಗಿ, ವೆಸ್ಟ್ ವರ್ಜೀನಿಯಾ, ಮೇರಿಲ್ಯಾಂಡ್‌ಗಳ ಒಂದೊಂದು ತುಣುಕು, ಪೆನ್ಸಿಲ್ವೇನಿಯಾ, ಕೊನೆಗೆ ಐ-78. ಒಂದೊಂದು ರಾಜ್ಯದ ಕಾನೂನು ಒಂದೊಂದು ತರಹ. ಹಾಗಾಗಿ ಟೆಕ್ಸಾಸ್ ಗಡಿಗೆ ಮುಂಚೆಯೇ ಪೆಟ್ರೋಲ್ ಹಾಕಿಸುವಾಗ ಗನ್ ಖಾಲಿ ಮಾಡಿ ಪೆಟ್ಟಿಗೆಗೆ ಹಾಕಿ ಬೀಗ ಹಾಕಿದೆ. ಗುಂಡು ಇನ್ನೊಂದು ಪೆಟ್ಟಿಗೆಗೆ. ಎರಡೂ ಡಿಕ್ಕಿಯಲ್ಲಿ, ಸೂಟ್‌ಕೇಸುಗಳ ಅಡಿ. 1986ರ ಫೆಡರಲ್ ಕಾನೂನೊಂದಿದೆ. ಹೊರಟ ಜಾಗದಲ್ಲೂ ಸೇರುವ ಜಾಗದಲ್ಲೂ ನಿಮ್ಮ ಗನ್ ಕಾನೂನುಬದ್ಧವಾಗಿದ್ದರೆ, ಖಾಲಿಯಾಗಿ, ಕೈಗೆ ಸಿಗದಂತೆ ಇಟ್ಟು ನಡುವಿನ ರಾಜ್ಯಗಳನ್ನು ದಾಟಬಹುದು. ಡಿಕ್ಕಿ ಬೇರೆಯಾಗಿ ಇಲ್ಲದ ಗಾಡಿಯಾದರೆ ಬೀಗ ಹಾಕಿದ ಪೆಟ್ಟಿಗೆ ಬೇಕು. ಗ್ಲವ್ ಬಾಕ್ಸ್ ಲೆಕ್ಕಕ್ಕಿಲ್ಲ. ಈಸ್ಟನ್ ಬಳಿ ಡೆಲವೇರ್ ಹೊಳೆಯ ಸೇತುವೆ ದಾಟುವಾಗ ಹೆಂಡತಿ, "ಯಾಕೆ ಇಷ್ಟು ನಿಧಾನ ಹೋಗ್ತಿದ್ದೀರಿ?" ಅಂದಳು. ವೇಗಮಿತಿಗಿಂತ ಐದು ಮೈಲಿ ಕಮ್ಮಿಯಲ್ಲಿ ಹೋಗುತ್ತಿದ್ದೆ.

ಹೊಸದಾಗಿ ಬಂದವರು 60 ದಿನದೊಳಗೆ ಎಫ್‌ಐಡಿ ಕಾರ್ಡಿಗೆ (ಗನ್ ಕೊಳ್ಳುವವರ ಗುರುತಿನ ಚೀಟಿ) ಅರ್ಜಿ ಹಾಕಬೇಕು, ಹೊರಗೆ ಕೊಂಡು ತಂದ ಗನ್ನನ್ನು ನೋಂದಾಯಿಸಬೇಕು. ಇದು 2022ರಲ್ಲಿ ಬಂದ ನಿಯಮ. ಕ್ಯಾರಿ ಪರ್ಮಿಟ್ ಆಮೇಲಿನ ಮಾತು. ನಾನು ಮೊದಲು ಡ್ರೈವಿಂಗ್ ಲೈಸನ್ಸ್ ಬದಲಿಸಿಕೊಂಡೆ. ಅದಿಲ್ಲದೆ ಬೇರೆ ಯಾವುದೂ ಮುಂದೆ ಸಾಗುವುದಿಲ್ಲ. ಅರ್ಜಿ ಆನ್‌ಲೈನಿನಲ್ಲೇ, ಆದರೆ ಅದಕ್ಕೆ ನಿಮ್ಮ ಊರಿನ ಪೊಲೀಸ್ ಇಲಾಖೆಯನ್ನು ಗುರುತಿಸುವ ಓಆರ್‌ಐ ನಂಬರು ಬೇಕು. ಠಾಣೆಗೇ ಹೋಗಿ ಕೇಳಿದೆ. ಬೆರಳಚ್ಚು, ಎರಡು ರೆಫರೆನ್ಸ್, ಮಾನಸಿಕ ಆರೋಗ್ಯದ ದಾಖಲೆ ಹುಡುಕಲು ನನ್ನ ಒಪ್ಪಿಗೆ. ಕಾನೂನಿನಲ್ಲಿ 30 ದಿನ ಅಂತಿದೆ, ನನಗೆ ಏಳು ವಾರ ಹಿಡಿಯಿತು. ಅಷ್ಟೂ ದಿನ ಗನ್ ಮನೆಯ ತಿಜೋರಿಯಿಂದ ಹೊರಗೆ ಬರಲಿಲ್ಲ.

ಕ್ಯಾರಿ ಪರ್ಮಿಟ್ಟಿಗೆ ಬೇಕಾದ ತರಬೇತಿಗೆ ಹೋದದ್ದು ಸೆಪ್ಟೆಂಬರ್‌ನಲ್ಲಿ. ಟೆಕ್ಸಾಸ್‌ನಲ್ಲಿ ಪಾಸಾದವನು, ಇದೇನು ಮಹಾ ಎಂದುಕೊಂಡೇ ಹೋಗಿದ್ದೆ. ಗುಂಡು ಹೊಡೆಯುವುದು ಅಷ್ಟೇನೂ ಕಷ್ಟವಾಗಲಿಲ್ಲ. 50ರಲ್ಲಿ 40 ಗುರಿಗೆ ಬೀಳಬೇಕು, ನನಗೆ 46 ಬಿತ್ತು. ಸೊಂಟದ ಗನ್ ಚೀಲ, ಅಂದರೆ ಹೋಲ್‌ಸ್ಟರ್‌ನಿಂದ ಎಳೆದು ಹೊಡೆಯುವುದೂ ಇತ್ತು. ಅದಕ್ಕೆ ಮಾತ್ರ ಮನೆಯಲ್ಲಿ ಖಾಲಿ ಗನ್ನಿನಿಂದ ಎರಡು ವಾರ ಅಭ್ಯಾಸ ಮಾಡಿದ್ದೆ. ನನ್ನನ್ನು ಬೆವರಿಸಿದ್ದು ಅದಕ್ಕೂ ಮುಂಚಿನ ಪಾಠ. ಯಾವಾಗ ಹೊಡೆಯಬಹುದು, ಯಾವಾಗ ಕೂಡದು.

ಟೆಕ್ಸಾಸ್‌ನಲ್ಲಿ 2007ರಿಂದಲೂ, ನೀವು ಇರಲು ಹಕ್ಕಿರುವ ಜಾಗದಲ್ಲಿ ನಿಮ್ಮ ಮೇಲೆ ದಾಳಿಯಾದರೆ ಹಿಂದೆ ಸರಿಯಬೇಕಾದ ಕಟ್ಟುಪಾಡಿಲ್ಲ. ರಾತ್ರಿ ಹೊತ್ತು ಕಳ್ಳತನ ತಡೆಯಲಿಕ್ಕೂ ಕೆಲವು ಸಂದರ್ಭಗಳಲ್ಲಿ ಮಾರಕ ಬಲ ಬಳಸಬಹುದು ಎಂದು ಅಲ್ಲಿನ ಕಾನೂನು ಹೇಳುತ್ತದೆ. ನ್ಯೂಜೆರ್ಸಿಯಲ್ಲಿ ಪೂರ್ತಿ ಸುರಕ್ಷಿತವಾಗಿ ತಪ್ಪಿಸಿಕೊಂಡು ಹೋಗುವ ದಾರಿ ಇದ್ದರೆ ಹೋಗಲೇಬೇಕು. ಸ್ವಂತ ಮನೆಯೊಳಗೆ ಮಾತ್ರ ಇದಕ್ಕೆ ವಿನಾಯಿತಿ. ಬರೀ ಸಾಮಾನು ಉಳಿಸಿಕೊಳ್ಳಲು ಜೀವ ತೆಗೆಯುವಂತಿಲ್ಲ. ತರಬೇತುದಾರರು ಒಂದು ಪ್ರಶ್ನೆ ಕೇಳಿದರು. ರಾತ್ರಿ ಪಾರ್ಕಿಂಗ್‌ನಲ್ಲಿ ಒಬ್ಬ ನಿಮ್ಮ ಕಾರಿನ ಗಾಜು ಒಡೆಯುತ್ತಿದ್ದಾನೆ, ನೀವು ದೂರದಿಂದ ನೋಡುತ್ತಿದ್ದೀರಿ, ಏನು ಮಾಡುತ್ತೀರಿ? ನನ್ನ ಬಾಯಿಗೆ ಟೆಕ್ಸಾಸ್‌ನ ಉತ್ತರವೇ ಬಂತು. ಹತ್ತಿರ ಹೋಗಿ ಗದರಿಸುತ್ತೇನೆ, ಗನ್ ತೋರಿಸುತ್ತೇನೆ ಅಂದೆ. "ಹಾಗಾದರೆ ಅವತ್ತು ಜೈಲಿಗೆ ಹೋಗುವುದು ನೀವೇ," ಅಂದರು. ಐದು ವರ್ಷ ಸೊಂಟದಲ್ಲಿ ಗನ್ ಇಟ್ಟುಕೊಂಡವನಿಗೆ ಆ ಮಾತು ಚುಚ್ಚಿತು. ಕೈಗೆ ಬಂದ ಅಭ್ಯಾಸ ಬದಲಿಸುವುದಕ್ಕಿಂತ ತಲೆಯೊಳಗೆ ಕೂತದ್ದನ್ನು ಬದಲಿಸುವುದು ಕಷ್ಟ. ಆ ಕ್ಲಾಸಿಗೆ ಕೊಟ್ಟ ದುಡ್ಡು ನನಗೆ ಒಂದು ಚೂರೂ ಬೇಜಾರಿಲ್ಲ.

ಇನ್ನು ಅಕ್ಟೋಬರ್‌ನಲ್ಲಿ ಕ್ಯಾರಿ ಪರ್ಮಿಟ್ಟಿಗೆ ಹಾಕಿದ ಅರ್ಜಿ. 2022ರ ಜೂನ್‌ನಲ್ಲಿ ಸುಪ್ರೀಂ ಕೋರ್ಟಿನ ಬ್ರೂಯೆನ್ ತೀರ್ಪು ಬರುವವರೆಗೆ ನ್ಯೂಜೆರ್ಸಿಯಲ್ಲಿ ಸಾಮಾನ್ಯ ಜನರಿಗೆ ಈ ಪರ್ಮಿಟ್ ಸಿಗುತ್ತಲೇ ಇರಲಿಲ್ಲ ಅನ್ನಬಹುದು. ನಿಮ್ಮ ಜೀವಕ್ಕೆ ಇಂಥದ್ದೇ ಬೆದರಿಕೆ ಇದೆ ಎಂದು ಸಾಬೀತು ಮಾಡಬೇಕಿತ್ತು. ತೀರ್ಪಿನ ನಂತರ ಆ ಷರತ್ತು ಹೋಯಿತು, ಅದೇ ವರ್ಷ ಡಿಸೆಂಬರ್‌ನಲ್ಲಿ ಹೊಸ ಕಾನೂನು ಬಂತು. ಫೀಸು ಆಗ 200 ಡಾಲರ್. ಅದರಲ್ಲಿ 150 ಊರಿಗೆ, 50 ಸ್ಟೇಟ್ ಪೊಲೀಸಿಗೆ. ಪರ್ಮಿಟ್ ನಡೆಯುವುದು ಎರಡೇ ವರ್ಷ.

ಮತ್ತೆ ನಾಲ್ಕು ರೆಫರೆನ್ಸ್. ನಾಲ್ವರೂ ನಿಮ್ಮನ್ನು ಕನಿಷ್ಠ ಮೂರು ವರ್ಷದಿಂದ ಬಲ್ಲವರಾಗಿರಬೇಕು. ರಕ್ತಸಂಬಂಧ ಕೂಡದು, ಮದುವೆಯಿಂದ ಬಂದ ನಂಟೂ ಕೂಡದು. ಊರಿಗೆ ಬಂದು ನಾಲ್ಕು ತಿಂಗಳಾದವನಿಗೆ ಯಾರಿದ್ದಾರೆ? ನ್ಯೂಜೆರ್ಸಿಯಲ್ಲಿ ನನ್ನನ್ನು ಚೆನ್ನಾಗಿ ಬಲ್ಲ ಒಬ್ಬನೇ ಒಬ್ಬನೆಂದರೆ ಹೆಂಡತಿಯ ತಮ್ಮ, ಅವನು ಲೆಕ್ಕಕ್ಕಿಲ್ಲ. ಪಕ್ಕದ ಮನೆಯವರಿಗೆ ನನ್ನ ಹೆಸರು ಹೇಳಲಿಕ್ಕೂ ಬರುವುದಿಲ್ಲ. ಕೊನೆಗೆ ಠಾಣೆಯಲ್ಲಿ ಕೇಳಿದಾಗ ಹೊರ ರಾಜ್ಯದವರೂ ಆಗಬಹುದು ಅಂದರು. ಟೆಕ್ಸಾಸ್‌ನ ಮೂವರು, ಹಳೆಯ ಕಂಪನಿಯಲ್ಲಿ ಜೊತೆಗಿದ್ದು ಈಗ ಒಹಾಯೋದಲ್ಲಿರುವ ಒಬ್ಬರು, ಹೀಗೆ ನಾಲ್ವರನ್ನು ಕೂಡಿಸಿದೆ.

ತಪ್ಪು ಮಾಡಿದ್ದು ಅಲ್ಲೇ. ಮೂವರಿಗೆ ಫೋನ್ ಮಾಡಿ ವಿವರವಾಗಿ ಹೇಳಿದ್ದೆ. ನಾಲ್ಕನೆಯವ ನಮ್ಮ ಪುತ್ತೂರಿನವನು, ಹನ್ನೆರಡು ವರ್ಷದ ಗೆಳೆಯ, ಇವನಿಗೇನು ಹೇಳುವುದು ಎಂದು ಬಿಟ್ಟೆ. ಐದು ವಾರ ಅರ್ಜಿ ಅಲ್ಲಾಡಲಿಲ್ಲ. ಠಾಣೆಗೆ ಹೋಗಿ ಕೇಳಿದರೆ ಒಬ್ಬರ ಉತ್ತರ ಬಂದಿಲ್ಲ ಎಂದರು. ಅವನಿಗೆ ಫೋನ್ ಮಾಡಿದೆ.

"ಎಂಥದು ಮಾರಾಯ, ನಿನ್ನ ಬಗ್ಗೆ ಪೊಲೀಸರ ಹೆಸರಲ್ಲಿ ಒಂದು ಮೈಲ್ ಬಂದಿತ್ತು. ನೀನು ಅಪಾಯಕಾರಿಯಾ ಅಂತ ಕೇಳಿದ್ದರು. ಯಾರೋ ಮೋಸ ಮಾಡ್ಲಿಕ್ಕೆ ಕಳಿಸಿದ್ದು ಅಂತ ಸ್ಪ್ಯಾಮಿಗೆ ಹಾಕಿದೆ!"

ಅವನನ್ನು ಬೈಯಲು ಮನಸ್ಸಾಗಲಿಲ್ಲ. ಅಂಥ ಮೈಲ್ ಬಂದರೆ ಸ್ಪ್ಯಾಮಿಗೆ ಹಾಕಿ ಅಂತ ಅವನಿಗೆ ಕಲಿಸಿದವನೇ ನಾನು. ನೀವು ಈ ಕೆಲಸಕ್ಕೆ ಹೊರಟರೆ ನಾಲ್ವರಿಗೂ ಮೊದಲೇ ಹೇಳಿ. ಮೈಲ್ ಬರುತ್ತದೆ, ಫೋನೂ ಬರಬಹುದು, ಪ್ರಶ್ನೆಗಳು ಒರಟಾಗಿರುತ್ತವೆ, ಗಾಬರಿಯಾಗಬೇಡಿ ಅಂತ.

ನನ್ನನ್ನೂ ಡಿಟೆಕ್ಟಿವ್ ಒಬ್ಬರು ಕರೆಸಿ ಮಾತಾಡಿದರು. ಹದಿನೈದು ನಿಮಿಷ, ಮರ್ಯಾದೆಯಿಂದಲೇ. ಗನ್ ಎಲ್ಲಿಡುತ್ತೀರಿ, ಮನೆಯಲ್ಲಿ ಮಕ್ಕಳಿದ್ದಾರಾ, ತಿಜೋರಿಯ ನಂಬರು ಯಾರಿಗೆ ಗೊತ್ತು. 2025ರ ಜನವರಿಯಲ್ಲಿ ಪರ್ಮಿಟ್ ಬಂತು. ಡೆಲವೇರ್ ಹೊಳೆ ದಾಟಿದಾಗಿನಿಂದ ಏಳು ತಿಂಗಳು.

ಇಷ್ಟೆಲ್ಲ ಮಾಡಿ ಎಷ್ಟು ಒಯ್ಯುತ್ತೇನೆ? ನಿಜ ಹೇಳಬೇಕೆಂದರೆ, ಬಹಳ ಕಮ್ಮಿ. ನ್ಯೂಜೆರ್ಸಿಯಲ್ಲಿ ಪರ್ಮಿಟ್ ಇದ್ದರೂ ಒಯ್ಯಬಾರದ ಜಾಗಗಳ ಪಟ್ಟಿ ಉದ್ದವಿದೆ. ಶಾಲೆ, ಆಸ್ಪತ್ರೆ, ಪಾರ್ಕು, ಮದ್ಯ ಕೊಡುವ ಹೋಟೆಲು, ಸಾರಿಗೆ ನಿಲ್ದಾಣ, ಕ್ಯಾಸಿನೋ. ಈ ಪಟ್ಟಿಯ ಮೇಲೆ ಕೋರ್ಟಿನಲ್ಲಿ ಜಗಳ ಮುಗಿದಿಲ್ಲ, ಹಾಗಾಗಿ ಹೊಸ ತೀರ್ಪು ಬಂದಾಗಲೆಲ್ಲ ಓದಿಕೊಳ್ಳಬೇಕು. ಟೆಕ್ಸಾಸ್‌ನಲ್ಲಿ ಗನ್ ತರಕೂಡದು ಎಂದು ಬಾಗಿಲಲ್ಲೇ ಬೋರ್ಡ್ ಇರುತ್ತಿತ್ತು. ಇಂಚು ಎತ್ತರದ ಅಕ್ಷರಗಳ 30.06 ಬೋರ್ಡು (ಅದು ಕಾನೂನಿನ ಸೆಕ್ಷನ್ ನಂಬರು), ಮದ್ಯವೇ ಮುಖ್ಯ ವ್ಯಾಪಾರವಾದ ಬಾರ್‌ಗಳಲ್ಲಿ ಕೆಂಪು ಬಣ್ಣದ 51 ಪರ್ಸೆಂಟ್ ಬೋರ್ಡು. ನೋಡಿ ವಾಪಸ್ ಬಂದರಾಯಿತು. ಇಲ್ಲಿ ಪಟ್ಟಿ ನಿಮ್ಮ ತಲೆಯಲ್ಲೇ ಇರಬೇಕು. ನಾನು ಕೆಲಸಕ್ಕೆ ಹೋಗುವುದು ರೈಲಿನಲ್ಲಿ, ಹಾಗಾಗಿ ವಾರದ ದಿನಗಳಲ್ಲಿ ಗನ್ ತಿಜೋರಿಯಲ್ಲೇ. ನ್ಯೂಯಾರ್ಕಿಗೆ ಹೋದರೆ ಈ ಪರ್ಮಿಟ್ಟಿಗೆ ಅಲ್ಲಿ ಬೆಲೆಯೇ ಇಲ್ಲ. ನಮ್ಮ ಕನ್ನಡದವರ ರಾಜ್ಯೋತ್ಸವ, ಯುಗಾದಿ ಕಾರ್ಯಕ್ರಮಗಳು ನಡೆಯುವುದು ಹೈಸ್ಕೂಲು ಸಭಾಂಗಣದಲ್ಲಿ. ಅಲ್ಲಿಗೂ ಇಲ್ಲ. ಶನಿವಾರ ರಾತ್ರಿ ಹೆಂಡತಿಯ ಅಂಗಡಿ ಮುಚ್ಚಿ ದುಡ್ಡು ತೆಗೆದುಕೊಂಡು ಬರುವಾಗ ಒಯ್ಯುತ್ತೇನೆ. ಶುರುವಿನಿಂದಲೂ ನನಗೆ ಬೇಕಿದ್ದದ್ದು ಅದೊಂದಕ್ಕೇ.

ಒಮ್ಮೆ ಹಾಗೆ ಬರುವಾಗ ಹಿಂದಿನ ದೀಪ ಕೆಟ್ಟಿದೆ ಎಂದು ಪೊಲೀಸರು ನಿಲ್ಲಿಸಿದರು. ಒಯ್ಯುತ್ತಿರುವಾಗ ತಡೆದು ನಿಲ್ಲಿಸಿದರೆ ನಾವಾಗಿಯೇ ಹೇಳಿ ಪರ್ಮಿಟ್ ತೋರಿಸಬೇಕು ಎಂಬುದು ಇಲ್ಲಿನ ನಿಯಮ. ಎರಡೂ ಕೈ ಸ್ಟೇರಿಂಗ್ ಮೇಲೆ ಇಟ್ಟುಕೊಂಡೇ ಹೇಳಿದೆ. ಗಂಟಲು ಒಣಗಿತ್ತು, ಶನೀನ್ ಅಲೆನ್ ಹೇಳಿದ್ದೂ ಇಷ್ಟೇ ತಾನೇ. ಆತ ಪರ್ಮಿಟ್ ನೋಡಿ, ದೀಪ ಸರಿ ಮಾಡಿಸಿ ಅಂತ ಹೇಳಿ ಕಳಿಸಿದ.

ನವೀಕರಣಕ್ಕೆ ಮತ್ತೆ ಅದೇ ಅರ್ಜಿ, ಅದೇ ನಾಲ್ಕು ಹೆಸರು. ಪುತ್ತೂರಿನವನಿಗೆ ಈಗಲೇ ಹೇಳಿಟ್ಟಿದ್ದೇನೆ. ಈ ಸಲ ಸ್ಪ್ಯಾಮ್‌ನಲ್ಲಿ ಹುಡುಕಿಯಾದರೂ ಉತ್ತರ ಕೊಡುತ್ತಾನಂತೆ.